ಹೊಸ ಸಿಸ್ಟಮ್ಮಿನಲ್ಲಿ ತೆರೆಯದ ಅಂಚು

ವಿಜಯದಶಮಿಯ ಮಾರನೆಯ ಬೆಳಿಗ್ಗೆ ಕೆಲಸಕ್ಕೆ ಹೋದಾಗ ನನ್ನ ಮೇಜಿನ ಕೆಳಗೆ ಯಾರದೋ ಕಂಪ್ಯೂಟರ್ ಕೂತಿತ್ತು. ಹಾರ ಮಾತ್ರ ನಮ್ಮದೇ. ಆಯುಧ ಪೂಜೆಯ ದಿನ ನನ್ನ ಹಳೆಯ ಬೂದು ಡಬ್ಬಕ್ಕೆ ನಾನೇ ಕಟ್ಟಿದ್ದ ಸೇವಂತಿಗೆ ಹಾರವನ್ನು ಬಿಚ್ಚಿ, ಬಾಡಿದ್ದರೂ ಬಿಡದೆ, ಈ ಹೊಸ ಕಪ್ಪು ಡಬ್ಬಕ್ಕೆ ಸುತ್ತಿದ್ದರು. ವಿಭೂತಿ, ಕುಂಕುಮ ಹೊಸದಾಗಿ ಇಟ್ಟಿದ್ದರು. ಮನೆಯಲ್ಲಿ ನನ್ನ ಹಾಸಿಗೆಯ ಮೇಲೆ ಬೇರೆ ಯಾರೋ ಮಲಗಿದ್ದ ಹಾಗೆ ಆಯಿತು ನನಗೆ. ಮೈಯೆಲ್ಲ ಉರಿಯಿತು.

ಆಗ ನಾನು ದೊಡ್ಡಬಳ್ಳಾಪುರದ ಒಂದು ಸೀರೆ ಡಿಸೈನ್ ಅಂಗಡಿಯಲ್ಲಿ ಕೆಲಸಕ್ಕಿದ್ದೆ. ನಮ್ಮ ಬೀದಿಯಲ್ಲಿ ಮಗ್ಗದ ಸದ್ದಿಲ್ಲದ ಮನೆಯನ್ನು ಹುಡುಕಬೇಕಿತ್ತು. ಮಗ್ಗದ ನೆತ್ತಿಯ ಮೇಲೆ ಜಕಾರ್ಡ್ ಪೆಟ್ಟಿಗೆ ಇರುತ್ತದೆ. ಅದಕ್ಕೆ ತೂತು ಹೊಡೆದ ರಟ್ಟಿನ ಕಾರ್ಡುಗಳ ಮಾಲೆ ಹಾಕುತ್ತಾರೆ. ಆ ತೂತುಗಳು ಹೇಳಿದಂತೆ ಎಳೆಗಳು ಎದ್ದು ಬಿದ್ದು, ಸೀರೆಯ ಅಂಚಿನಲ್ಲಿ ಹಂಸವೋ ಮಾವಿನಕಾಯಿಯೋ ಮೂಡುತ್ತದೆ. ಯಾವ ತೂತು ಎಲ್ಲಿ ಬರಬೇಕೆಂದು ಕಂಪ್ಯೂಟರಿನಲ್ಲಿ ಚೌಕ ಚೌಕವಾಗಿ ತುಂಬುವುದು ನನ್ನ ಕೆಲಸ. ತುಂಬಿ ಮುಗಿಸಿದ ಮೇಲೆ ಪಂಚಿಂಗ್ ಮಷಿನ್ನು ಕಾರ್ಡು ಹೊಡೆಯುತ್ತಿತ್ತು.

ಅಂಗಡಿಯ ಯಜಮಾನರು ಅಂದು ಮದುಮಗನ ಹಾಗೆ ಬಿಳಿ ಪಂಚೆ ಉಟ್ಟು ನಿಂತಿದ್ದರು. "ನೋಡಮ್ಮ ಹೆಂಗಿದೆ! ಹಬ್ಬದ ಎಕ್ಸ್‌ಚೇಂಜ್ ಆಫರ್ ಇತ್ತು, ಹಳೇವೆಲ್ಲ ಕೊಟ್ಬಿಟ್ಟೆ. ಸಿಸ್ಟಮ್ಮೇ ಹೊಸದು. ವಿಜಯದಶಮಿ ದಿನ ಶುರು ಮಾಡಿದ್ದು, ಸೋಲೇ ಇಲ್ಲ ಇನ್ನು" ಎಂದರು. ಪರದೆ ಮೇಲೆ ಕಿಟಕಿಗಳೆಲ್ಲ ಗಾಜಿನಂತೆ ಹೊಳೆಯುತ್ತಿದ್ದವು. ಒಂದನ್ನು ಎಳೆದರೆ ಹಿಂದಿನದು ಮಸುಕಾಗಿ ಕಾಣುತ್ತಿತ್ತು. ಕಾರ್ಡು ತೆಗೆದುಕೊಂಡು ಹೋಗಲು ಬಂದ ನೇಕಾರರು ಬಾಗಿಲಲ್ಲಿ ನಿಂತು, "ಓಹೋ, ಏನ್ ಗುರು ಇದು, ಏರ್‌ಪೋರ್ಟ್ ಥರ ಮಾಡ್ಬಿಟ್ಟವ್ರೆ!" ಎಂದು ಬಾಯಿ ಬಿಟ್ಟರು. ಆ ವರ್ಷಗಳಲ್ಲಿ ನಮ್ಮ ಕಡೆ ಹೊಳೆಯುವುದೆಲ್ಲ ಏರ್‌ಪೋರ್ಟಿನ ಥರವೇ.

ನನ್ನ ಪಕ್ಕದ ಮೇಜಿನಲ್ಲಿ ಬಿಲ್ಲು ಹಾಕುವ ಅಕ್ಕ ಇದ್ದರು. ಅವರಿಗೆ ಈ ಹೊಳಪು ಗಿಳಪು ಬೇಕಿರಲಿಲ್ಲ. ಹಳೆಯ ಸಿಸ್ಟಮ್ ಹಾಕಿದೊಡನೆ ನೀಲಿ ಆಕಾಶದ ಕೆಳಗೆ ಒಂದು ಹಸಿರು ಗುಡ್ಡದ ಚಿತ್ರ ಬರುತ್ತಿತ್ತಲ್ಲ, ಅದು ಹೋಗಿದ್ದಕ್ಕೆ ಅವರು ನಿಜಕ್ಕೂ ಬೇಜಾರು ಮಾಡಿಕೊಂಡರು. "ಬೆಳಿಗ್ಗೆ ಬಂದು ಆ ಗುಡ್ಡ ನೋಡಿದ್ರೆ ಒಂಥರಾ ತಂಪಾಗ್ತಿತ್ತು ಕಣೇ. ಈಗ ನೋಡು, ಏನೋ ನೀಲಿ ಬೆಳಕು, ಆಸ್ಪತ್ರೆ ಥರ." ಅದಕ್ಕಿಂತ ಅವರ ತಲೆ ತಿಂದದ್ದು ಹೊಸ ಸಿಸ್ಟಮ್ಮಿನ ಪ್ರಶ್ನೆಗಳು. ಏನು ಒತ್ತಿದರೂ ಪರದೆ ಕಪ್ಪಾಗಿ, ಇದನ್ನು ಮಾಡಲು ನಿಮ್ಮ ಅನುಮತಿ ಇದೆಯೇ ಎಂದು ಕೇಳುತ್ತಿತ್ತು. "ಹೊಸ ಸೊಸೆ ಬಂದಂಗಾಯ್ತು. ಒಗ್ಗರಣೆಗೆ ಸಾಸಿವೆ ಹಾಕ್ಲಾ ಅತ್ತೆ, ಉಪ್ಪು ಹಾಕ್ಲಾ ಅತ್ತೆ. ಹಾಕೇ ನಮ್ಮವ್ವ, ಹಾಕು!" ಎಂದು ಅಕ್ಕ ಕೀಲಿ ಕುಟ್ಟುತ್ತಿದ್ದರು. ನಾನು ನಕ್ಕೆ. ನಗು ಅಲ್ಲಿಗೇ ನಿಂತಿತು. ಏಕೆಂದರೆ ಅಷ್ಟರಲ್ಲಿ ನಾನು ನನ್ನ ಡಿಸೈನ್ ಸಾಫ್ಟ್‌ವೇರ್ ಹುಡುಕತೊಡಗಿದ್ದೆ. ಅದು ಇರಲಿಲ್ಲ.

ನನ್ನ ಎದೆ ಯಾಕೆ ಧಸಕ್ಕೆಂದಿತು ಎನ್ನುವುದಕ್ಕೆ ನಮ್ಮ ಮನೆಯ ಮಾತು ಹೇಳಬೇಕು.

ನಮ್ಮಪ್ಪ ನೇಕಾರ. ನಮ್ಮವರಲ್ಲಿ ಮಗಳ ಧಾರೆ ಸೀರೆ ಅಂಗಡಿಯಿಂದ ಬರುವುದಿಲ್ಲ, ಮನೆಯ ಮಗ್ಗದಿಂದಲೇ ಇಳಿಯಬೇಕು. ಅಮ್ಮನ ಧಾರೆ ಸೀರೆಯನ್ನೂ ಅಪ್ಪನೇ ನೇಯ್ದದ್ದು. ಅಮ್ಮನ ಅಪ್ಪನಿಗೆ ಮಗ್ಗವಿರಲಿಲ್ಲವಾದ್ದರಿಂದ ಮದುವೆಗೆ ಮುಂಚೆ ಹುಡುಗನೇ ಹುಡುಗಿಯ ಸೀರೆ ನೇಯ್ದ ಎಂದು ಊರೆಲ್ಲ ಆಡಿಕೊಂಡಿತ್ತಂತೆ. ಆ ಸೀರೆಯ ಅಂಚಿನಲ್ಲಿ ಹಂಸಗಳ ಸಾಲು. ಎರಡೆರಡು ಹಂಸ ಎದುರುಬದುರು, ನಡುವೆ ಒಂದು ಮೊಗ್ಗು. ಆ ಅಂಚನ್ನು ಅಪ್ಪನೇ ಗ್ರಾಫ್ ಹಾಳೆಯಲ್ಲಿ ಬರೆದು ಕಾರ್ಡು ಹೊಡೆಸಿದ್ದ. ಬೇರೆ ಯಾರ ಸೀರೆಗೂ ಅದನ್ನು ಕೊಡಲಿಲ್ಲ. ಅಮ್ಮ ಮುತ್ತೈದೆಯಾಗಿ ಹೋದಳು. ಮುತ್ತೈದೆ ಹೋದರೆ ಧಾರೆ ಸೀರೆ ಉಡಿಸಿ ಕಳಿಸುವುದು ಪದ್ಧತಿ. ಅದನ್ನೇ ಉಡಿಸಿ ಮಣ್ಣು ಮಾಡಿದರು. ನನಗೆ ಆಗ ನೆನಪಿಟ್ಟುಕೊಳ್ಳುವ ವಯಸ್ಸು, ಅಂಚು ಅರೆಬರೆ ನೆನಪಿತ್ತು. ತಂಗಿಗೆ ಅದೂ ಇಲ್ಲ. ಮದುವೆ ಫೋಟೋದಲ್ಲಿ ಅಂಚು ಒಂದು ಬಿಳಿ ಗೆರೆ, ಅಷ್ಟೇ.

ತಂಗಿಗೆ ಗಂಡು ಗೊತ್ತಾಯಿತು. ದೇವನಹಳ್ಳಿಯ ಹುಡುಗ, ಕ್ಯಾಬ್ ಓಡಿಸುತ್ತಿದ್ದ. ಇವಳು ಏರ್‌ಪೋರ್ಟಿನೊಳಗೆ ಕಾಫಿ ಅಂಗಡಿಯಲ್ಲಿದ್ದಳು. ಮದುವೆ ಮಾಘದಲ್ಲಿ ಎಂದು ನಿಶ್ಚಯವಾದ ದಿನ ಅವಳು ನನ್ನ ಹತ್ತಿರ ಬಂದು, "ಅಕ್ಕ, ಅಮ್ಮನ ಸೀರೆ ಅಂಚು ಮತ್ತೆ ಬರಲ್ವಾ?" ಎಂದು ಕೇಳಿದಳು. ಅಪ್ಪ ಅಟ್ಟ ಹತ್ತಿ ಹಳೆಯ ಕಾರ್ಡುಗಳ ಕಟ್ಟು ಇಳಿಸಿದ. ಅರ್ಧ ಇಲಿ ತಿಂದಿತ್ತು, ಇನ್ನರ್ಧ ಗೆದ್ದಲು. ಮಗ್ಗಕ್ಕೆ ಹಾಕಿದರೆ ಪುಡಿಯಾಗುತ್ತಿದ್ದವು.

ನಾನು ಬಿಡಲಿಲ್ಲ. ಒಂದೊಂದೇ ಕಾರ್ಡನ್ನು ಬೆಳಕಿಗೆ ಹಿಡಿದು, ತೂತಿದ್ದಲ್ಲಿ ಒಂದು ಗುರುತು, ಇಲ್ಲದಲ್ಲಿ ಖಾಲಿ ಎಂದು ಹಾಳೆಯ ಮೇಲೆ ಬರೆದುಕೊಂಡು, ಮಾರನೆಯ ದಿನ ಊಟದ ಬಿಡುವಿನಲ್ಲಿ ಕಂಪ್ಯೂಟರಿಗೆ ತುಂಬುತ್ತಿದ್ದೆ. ಕಾರ್ಡು ಹರಿದು ಹೋದಲ್ಲಿ ಅಪ್ಪನನ್ನು ಕೇಳುತ್ತಿದ್ದೆ. ಅವನು ಕಣ್ಣು ಮುಚ್ಚಿ, ಬೆರಳಲ್ಲಿ ಗಾಳಿಯ ಮೇಲೆ ಎಳೆ ಎಣಿಸಿ, "ಅಲ್ಲಿ ಹಂಸ ಕತ್ತು ಬಗ್ಗಿಸ್ತದೆ ಕಣಮ್ಮ, ಎರಡು ಎಳೆ ಬಿಡು, ಒಂದು ಎತ್ತು" ಎನ್ನುತ್ತಿದ್ದ. ಹಾಗೆ ತಿಂಗಳುಗಟ್ಟಲೆ. ಆಯುಧ ಪೂಜೆಯ ಹಿಂದಿನ ದಿನ ಕೊನೆಯ ಕಾರ್ಡು ಮುಗಿಯಿತು. ಅವತ್ತೇ ಪಂಚಿಂಗಿಗೆ ಹಾಕುತ್ತಿದ್ದೆ. ಅಪ್ಪ ಬೇಡ ಎಂದ. ಹಬ್ಬ ಕಳೆಯಲಿ, ಒಳ್ಳೆಯ ದಿನ ನೋಡಿ ಹೊಡೆಸೋಣ, ಮದುವೆ ಸೀರೆ ಅಲ್ಲವೇ ಎಂದ.

ಮಾರನೆಯ ದಿನ ಪೂಜೆ. ನಮ್ಮ ಊರಲ್ಲಿ ಆಯುಧ ಪೂಜೆ ಎಂದರೆ ಮನೆಯ ಮೂಲೆ ಮೂಲೆ ಗುಡಿಸಿ, ಮಗ್ಗ ಒರೆಸಿ, ಕುಂಕುಮ ಇಟ್ಟು ಮಲಗಿಸುವುದು. ಪೂಜೆಗೆ ಕೂತ ಆಯುಧವನ್ನು ವಿಜಯದಶಮಿ ಕಳೆಯುವವರೆಗೆ ಯಾರೂ ಮುಟ್ಟುವುದಿಲ್ಲ. ಗೆದ್ದಲು ಹಿಡಿದ ಕಾರ್ಡು ಮಗ್ಗದ ಮನೆಯಲ್ಲಿ ಇರಬಾರದೆಂದು ಅಪ್ಪ ಅದನ್ನೆಲ್ಲ ಗುಡಿಸಿ ಹಂಡೆ ಒಲೆಗೆ ಹಾಕಿದ. ನನ್ನ ಗುರುತಿನ ಹಾಳೆಗಳೂ ಅದರ ಜೊತೆ ಹೋದವು. ತಂಗಿ ಅಯ್ಯೋ ಎಂದದ್ದಕ್ಕೆ, "ಕಂಪ್ಯೂಟರಲ್ಲಿ ಐತಲ್ಲ ಮಗಾ, ಇನ್ನು ಇಲಿ ಕಾಟ ಇಲ್ಲ" ಎಂದು ಸಮಾಧಾನ ಹೇಳಿದ. ಅಂಗಡಿಯಲ್ಲಿ ನನ್ನ ಕಂಪ್ಯೂಟರೂ ಹಾರ ಹಾಕಿಕೊಂಡು ಪೂಜೆಗೆ ಕೂತಿತ್ತು. ಅದನ್ನು ತೆರೆದು ಏನಾದರೂ ತೆಗೆದಿಟ್ಟುಕೊಳ್ಳಬೇಕೆಂದು ನಮ್ಮಲ್ಲಿ ಯಾರ ಬುದ್ಧಿಗೂ ಬರುವಂತಿರಲಿಲ್ಲ. ಪೂಜೆಗೆ ಕೂತದ್ದನ್ನು ಮುಟ್ಟಬಾರದೆಂದು ನಾವು ಮನೆಯಲ್ಲಿದ್ದೆವು. ಯಜಮಾನರು ಮುಟ್ಟುವುದೇನು, ಬುಡಸಮೇತ ಎತ್ತಿ ಕೊಟ್ಟಿದ್ದರು.

"ಡೇಟಾ ಎಲ್ಲಾ ಕಾಪಿ ಮಾಡಿದೀನಿ ಮೇಡಮ್, ತಲೆ ಕೆಡಿಸ್ಕೋಬೇಡಿ" ಎಂದ ಸಿಸ್ಟಮ್ ಹಾಕಲು ಬಂದಿದ್ದ ಮೀಸೆಯವನು. ನಿಜ, ಮಾಡಿದ್ದ. ಹಂಸದ ಅಂಚಿನ ಫೈಲು ಹೆಸರು ಸಮೇತ ಅಲ್ಲೇ ಕಾಣುತ್ತಿತ್ತು. ಒತ್ತಿದರೆ ತೆರೆಯುತ್ತಿರಲಿಲ್ಲ. ನಮ್ಮ ಹಳೆಯ ಡಿಸೈನ್ ಸಾಫ್ಟ್‌ವೇರ್ ಹೊಸ ಸಿಸ್ಟಮ್ಮಿನಲ್ಲಿ ಏಳುವುದೇ ಇಲ್ಲ ಎಂದ. ಅದಕ್ಕೊಂದು ಬೀಗ ಬೇರೆ ಇತ್ತು, ಕಂಪ್ಯೂಟರಿನ ಹಿಂದೆ ಅಗಲದ ತೂತಿಗೆ ಸಿಕ್ಕಿಸುವ ಹೆಬ್ಬೆರಳಷ್ಟು ದಪ್ಪದ ತುಂಡು. ಅದಿಲ್ಲದೆ ಸಾಫ್ಟ್‌ವೇರ್ ಕಣ್ಣು ಬಿಡುತ್ತಿರಲಿಲ್ಲ. ಹೊಸ ಡಬ್ಬಕ್ಕೆ ಆ ಅಗಲದ ತೂತೇ ಇರಲಿಲ್ಲ. ಬೀಗವನ್ನು ಕೇಳಿದರೆ, "ಅದಾ? ಯಾವ್ದೋ ಕನೆಕ್ಟರ್ ಅಂತ ಡ್ರಾಯರಲ್ಲಿ ಹಾಕಿದೀನಿ" ಎಂದ. ಡ್ರಾಯರ್ ಎಳೆದು ಅದನ್ನು ಸೆರಗಿನ ತುದಿಗೆ ಗಂಟು ಹಾಕಿಕೊಂಡೆ. ಸಾಫ್ಟ್‌ವೇರಿನ ಸಿ.ಡಿ. ಕಪಾಟಿನಲ್ಲೇ ಇತ್ತು, ಅದನ್ನೂ ಎತ್ತಿಕೊಂಡೆ. ಫೈಲನ್ನು ಒಂದು ಪೆನ್‌ಡ್ರೈವಿಗೆ ಇಳಿಸಿಕೊಂಡೆ.

ಯಜಮಾನರ ಹತ್ತಿರ ಜಗಳಕ್ಕೇ ಹೋದೆ. ಅವರು ಕೆಟ್ಟವರಲ್ಲ. ಅವರಿಗೆ ನನ್ನ ಸಂಕಟ ಅರ್ಥವಾಗಲಿಲ್ಲ, ಅಷ್ಟೇ. "ಹೊಸ ಸಾಫ್ಟ್‌ವೇರ್ ಕೊಡ್ಸಿದೀನಲ್ಲಮ್ಮ. ಹಳೇ ಡಿಸೈನ್‌ಗೆಲ್ಲ ಕಾರ್ಡ್ ಹೊಡೆದಾಗಿದೆ, ಮಗ್ಗದ ಮೇಲೆ ಓಡ್ತಾ ಇದೆ. ಒಂದಾದ್ರೂ ನಿಂತಿದ್ಯಾ ಹೇಳು?" ಎಂದರು. ನಿಂತದ್ದು ಒಂದೇ. ಅಂಗಡಿಯ ಎಲ್ಲ ಡಿಸೈನುಗಳಲ್ಲಿ ಕಾರ್ಡು ಕಾಣದೆ ಉಳಿದದ್ದು ನಮ್ಮಮ್ಮನ ಅಂಚು ಒಂದೇ. "ಹಳೇ ಕಂಪ್ಯೂಟರ್ ಎಲ್ಲಿಗೆ ಹೋದವು ಸಾರ್?" ಎಂದೆ. ಆವತ್ತೇ ಲಾರಿಗೆ ಹಾಕಿ ಬೆಂಗಳೂರಿಗೆ ಸಾಗಿಸಿದ್ದಾರೆ, ಇಷ್ಟು ಹೊತ್ತಿಗೆ ಗುಜರಿಯಲ್ಲಿ ಒಡೆದಿರುತ್ತಾರೆ ಎಂದರು. ಸಾಫ್ಟ್‌ವೇರ್ ಮಾರಿದವರ ನಂಬರಿಗೆ ಫೋನ್ ಮಾಡಿದೆ. ಆ ನಂಬರ್ ಚಾಲ್ತಿಯಲ್ಲಿಲ್ಲ ಎಂದು ಹೆಂಗಸೊಬ್ಬಳು ಇಂಪಾಗಿ ಹೇಳಿದಳು.

ಆ ಸಂಜೆ ಮನೆಯಲ್ಲಿ ವಿಷಯ ಹೇಳಿದಾಗ ಅಪ್ಪ ಎದ್ದು ಹೋಗಿ ಹಂಡೆ ಒಲೆಯ ಮುಂದೆ ಕೂತ. ಬೂದಿಯನ್ನು ಕೈಯಲ್ಲಿ ಆಡಿಸುತ್ತ ಕೂತ. ಅದನ್ನು ನೋಡಲಾಗದೆ ನಾನು ಒಳಗೆ ಹೋದೆ. ತಂಗಿ ಯೂನಿಫಾರ್ಮ್ ಇಸ್ತ್ರಿ ಮಾಡುತ್ತಿದ್ದಳು. "ಹೋಗ್ಲಿ ಬಿಡಕ್ಕ. ಯಾವುದೋ ಒಂದು ಅಂಚು. ಅಂಗಡೀಲಿ ಸಾವಿರ ಸೀರೆ ಸಿಗ್ತವೆ" ಎಂದಳು. ತಲೆ ಎತ್ತದೆ ಅಂದಳು. ಇಸ್ತ್ರಿ ಪೆಟ್ಟಿಗೆ ಒಂದೇ ಜಾಗದಲ್ಲಿ ನಿಂತು ಬಟ್ಟೆ ಸುಟ್ಟ ವಾಸನೆ ಬಂತು. ಅವಳು ಅಮ್ಮನ ಬಗ್ಗೆ ಒಂದು ಮಾತೂ ಕೇಳಿದವಳಲ್ಲ, ಹುಟ್ಟಿದ ಮೇಲೆ ಕೇಳಿದ್ದು ಇದೊಂದೇ ಎಂದು ನನಗೆ ಆಗ ಹೊಳೆಯಿತು. ಸೀರೆ ತರದೆ ಇವಳನ್ನು ಧಾರೆಗೆ ನಿಲ್ಲಿಸುವುದಿಲ್ಲ ಎಂದು ಮನಸ್ಸಿನಲ್ಲೇ ಹಠ ಕಟ್ಟಿದೆ.

"ನೆನಪಿಂದ ಮತ್ತೆ ಬರೀತೀಯಾ ಅಪ್ಪ?" ಎಂದು ಮಾರನೆಯ ಬೆಳಿಗ್ಗೆ ಕೇಳಿದೆ.

"ಹಂಸ ಬರೀಬಹುದು. ಆ ಹಂಸ ಬರಲ್ಲ" ಎಂದ ಅಪ್ಪ. "ನೆನಪು ಮಗ್ಗಕ್ಕೆ ಏರಲ್ಲ ಕಣಮ್ಮ."

ಹಾಗೆಂದವನು ಅದೇ ವಾರ ರೇಷ್ಮೆ ತಂದು ಸೀರೆಯ ಉದ್ದದ ಎಳೆಗಳ ಹಾಸು ಹೂಡತೊಡಗಿದ. ಅಂಚಿನ ಕಾರ್ಡೇ ಇಲ್ಲದೆ ಹಾಸು ಏರಿಸುವವರನ್ನು ನಮ್ಮ ಬೀದಿ ಕಂಡಿರಲಿಲ್ಲ. ಏನು ಧೈರ್ಯ ಎಂದು ಕೇಳಿದವರಿಗೆ, "ನನ್ ಮಗಳು ಹುಡುಕ್ತಾವ್ಳೆ" ಎನ್ನುತ್ತಿದ್ದ. ಆ ಮಾತು ನನ್ನ ಬೆನ್ನ ಮೇಲೆ ಕಲ್ಲು ಹೇರಿದ ಹಾಗಿತ್ತು.

ನನಗೆ ಬೇಕಿದ್ದದ್ದು ಒಂದೇ, ಹಳೆಯ ಸಿಸ್ಟಮ್ ಇರುವ, ಹಿಂದೆ ಅಗಲದ ತೂತಿರುವ ಒಂದು ಕಂಪ್ಯೂಟರ್. ಅದೇನು ಚಿನ್ನವೇ ಎಂದುಕೊಂಡಿದ್ದೆ. ಹುಡುಕಲು ಹೊರಟಾಗ ಗೊತ್ತಾಯಿತು. ಊರಿನ ಬೇರೆ ಡಿಸೈನ್ ಅಂಗಡಿಗಳಲ್ಲಿ ಎಲ್ಲರೂ ಹೊಸದಕ್ಕೆ ಹೋಗಿಯಾಗಿತ್ತು. ಸೈಬರ್ ಸೆಂಟರಿನವನು ಹೊಸ ಪರದೆಗಳನ್ನು ಸಾಲಾಗಿ ತೋರಿಸಿ, "ಆ ಡಬ್ಬಾ ಇಟ್ರೆ ಯಾರ್ ಬರ್ತಾರೆ ಮೇಡಮ್" ಎಂದ. ಒಬ್ಬ ಫೋಟೋ ಸ್ಟುಡಿಯೋದವನು ತನ್ನ ಹತ್ತಿರ ಇದೆ ಎಂದು ಕರೆದ. ಹೋಗಿ ನೋಡಿದರೆ ಒಳಗಿನದನ್ನೆಲ್ಲ ತೆಗೆದು ಖಾಲಿ ಡಬ್ಬದ ಮೇಲೆ ಟೇಬಲ್ ಫ್ಯಾನ್ ಇಟ್ಟಿದ್ದ. ಅವನನ್ನು ಬೈದ ಬೈಗುಳ ಇಲ್ಲಿ ಬರೆಯಲಾರೆ. ಕಾರ್ತೀಕ ಕಳೆಯಿತು. ಲಗ್ನಪತ್ರಿಕೆ ಅಚ್ಚಿಗೆ ಹೋಯಿತು. ಅಪ್ಪನ ಹಾಸು ಮಗ್ಗದ ಮೇಲೆ ಬಿಳಿ ಬಟ್ಟೆ ಹೊದ್ದು ಕಾಯುತ್ತಿತ್ತು.

ದಾರಿ ತೋರಿಸಿದ್ದು ಬಿಲ್ಲಿನ ಅಕ್ಕ. ಒಂದು ಸೋಮವಾರ ಬಾಗಿಲಿಂದಲೇ ಕೂಗುತ್ತ ಬಂದರು. "ಲೇ, ನಮ್ಮ ಗುಡ್ಡ ಸಿಕ್ತು ಕಣೇ! ಹಸಿರು ಗುಡ್ಡ!" ಅವರು ಅಣ್ಣನ ಮಗಳ ಜಾತಕ ತೋರಿಸಲು ದೇವನಹಳ್ಳಿಗೆ ಹೋಗಿದ್ದರು. ಕೋಟೆಯೊಳಗಿನ ಜೋಯಿಸರು ಕಂಪ್ಯೂಟರಿನಲ್ಲಿ ಜಾತಕ ತೆಗೆಯುತ್ತಾರೆ. ಅದನ್ನು ಹಾಕಿದ ಕೂಡಲೇ ಆ ಗುಡ್ಡ ಕಂಡಿತಂತೆ. "ಸಂತೋಷಕ್ಕೆ ಜಾತಕ ಕೂಡ್ತೋ ಇಲ್ವೋ ಕೇಳೋದೇ ಮರ್ತೋಯ್ತು" ಎಂದರು. ನಾನು ಅವರನ್ನು ತಬ್ಬಿಕೊಂಡುಬಿಟ್ಟೆ.

ಮಾರನೆಯ ದಿನ ರಜೆ ಹಾಕಿ ದೇವನಹಳ್ಳಿ ಬಸ್ಸು ಹತ್ತಿದೆ. ಜೋಯಿಸರ ಜಗುಲಿಯ ಮೇಲೆ ಮದುವೆ ಮಾಡುವವರಿಗಿಂತ ಜಮೀನು ಮಾರುವವರೇ ಹೆಚ್ಚು ಕೂತಿದ್ದರು. ಬಿಳಿ ಶರ್ಟು, ಎರಡೆರಡು ಮೊಬೈಲು, ಯಾವ ವಾರ ಅಗ್ರಿಮೆಂಟ್ ಮಾಡಿದರೆ ಒಳ್ಳೆಯದು ಎಂಬ ಚಿಂತೆ. ಏರ್‌ಪೋರ್ಟ್ ಬಂದ ಮೇಲೆ ಆ ಮನೆಯ ಮುಂದೆ ಗ್ರಹಗಳಿಗಿಂತ ಕಾರುಗಳ ಸಂಚಾರ ಜಾಸ್ತಿಯಾಗಿತ್ತು. ನನ್ನ ಸರದಿ ಬಂತು. ಹಳದಿ ರೇಷ್ಮೆ ವಸ್ತ್ರ ಹೊದಿಸಿದ್ದ ಕಂಪ್ಯೂಟರ್ ಮೂಲೆಯಲ್ಲಿತ್ತು. ನನ್ನ ಕಣ್ಣು ನೇರ ಅದರ ಬೆನ್ನಿಗೆ ಹೋಯಿತು. ಅಗಲದ ತೂತು ಇತ್ತು. ನನಗೆ ಅಳು ಬರುವುದೊಂದು ಬಾಕಿ.

"ಹುಟ್ಟಿದ ದಿನ, ಗಳಿಗೆ ಹೇಳಮ್ಮ" ಎಂದರು ಜೋಯಿಸರು.

"ಜಾತಕ ಬೇಡ ಸ್ವಾಮಿ. ನಿಮ್ಮ ಕಂಪ್ಯೂಟರಲ್ಲಿ ಅರ್ಧ ಗಂಟೆ ಕೆಲಸ ಇದೆ ನಂಗೆ" ಎಂದು ಎಲ್ಲವನ್ನೂ ಹೇಳಿದೆ. ಅವರು ತಾಳ್ಮೆಯಿಂದ ಕೇಳಿದರು. ಕೇಳಿ, ಆಗುವುದಿಲ್ಲ ಎಂದುಬಿಟ್ಟರು.

ಅವರಿಗೂ ಕಾರಣವಿತ್ತು. ಅವರ ಮಗ ಹೊಸ ಸಿಸ್ಟಮ್ ಹಾಕಿಸುತ್ತೇನೆಂದು ಬಂದಿದ್ದ. ಜಾತಕದ ಸಾಫ್ಟ್‌ವೇರ್ ಹೊಸದರಲ್ಲಿ ನಡೆಯುವುದಿಲ್ಲವೆಂದು ತಿಳಿದು ಇವರು ಅಡ್ಡ ನಿಂತಿದ್ದರು. "ಶನಿ ಅಪ್‌ಗ್ರೇಡ್ ಆಗಿಲ್ಲ, ಗುರು ಆಗಿಲ್ಲ. ನಾನ್ಯಾಕಮ್ಮ ಆಗಲಿ?" ಎಂದರು. ಹಿಂದೊಮ್ಮೆ ಯಾರೋ ಪೆನ್‌ಡ್ರೈವ್ ಹಾಕಿ ವೈರಸ್ ಹತ್ತಿ ವಾರಗಟ್ಟಲೆ ಕೆಲಸ ನಿಂತಿತ್ತು. ಅಂದಿನಿಂದ ಪೆನ್‌ಡ್ರೈವ್ ಸಿಕ್ಕಿಸುವ ತೂತುಗಳಿಗೆ ಗಾಯಕ್ಕೆ ಹಾಕುವ ಪ್ಲಾಸ್ಟರ್ ಅಂಟಿಸಿ, ಮೇಲೆ ಅರಿಸಿನ ಹಚ್ಚಿದ್ದರು. "ಇದ್ರೊಳಗೆ ಈ ಸೀಮೆಯ ಜಾತಕವೆಲ್ಲ ಇವೆ. ಹೊರಗಿನ ವಸ್ತು ಒಳಗೆ ಬಿಡಲ್ಲ. ನೀನು ಹೋಗಿ ಬಾ ತಾಯಿ" ಎಂದು ಕೈ ಮುಗಿದರು.

ಹೋದೆ. ಮತ್ತೆ ಬಂದೆ. ಮುಂದಿನ ಭಾನುವಾರ ಜಗುಲಿಯ ಮೇಲೆ ಮೊದಲು ಕೂತವಳು ನಾನೇ. ಅವರು ನೋಡಿದರು, ತಲೆ ಅಲ್ಲಾಡಿಸಿದರು, ಬೇರೆಯವರನ್ನು ಒಳಗೆ ಕರೆದರು. ಮಧ್ಯಾಹ್ನದವರೆಗೆ ಕೂತೆ. ಅವರ ಹೆಂಡತಿ ಒಂದು ಲೋಟ ಮಜ್ಜಿಗೆ ತಂದಿಟ್ಟು ಒಳಗೆ ಹೋದರು. ಅದರ ಮುಂದಿನ ಭಾನುವಾರವೂ ಹೋದೆ. ಜಮೀನಿನವರು ನನ್ನನ್ನು ನೋಡಿ, "ಏನಮ್ಮ, ಕಂಕಣ ಬಲ ಇನ್ನೂ ಕೂಡಿ ಬಂದಿಲ್ವಾ?" ಎಂದು ತಮಾಷೆ ಮಾಡಿದರು. "ನಿಮ್ಮ ಸೈಟಿಗಿಂತ ಮುಂಚೆ ಕೂಡಿ ಬರುತ್ತೆ ಬಿಡಿ" ಎಂದೆ.

ಕೊನೆಗೆ ಜೋಯಿಸರೇ ಹೊರಗೆ ಬಂದರು. "ಎಷ್ಟು ಸಲ ಹೇಳ್ಬೇಕಮ್ಮ ನಿಂಗೆ?" ಎಂದು ದನಿ ಏರಿಸಿದರು. ನನ್ನ ಸಿಟ್ಟೂ ತಲೆಗೇರಿತು. ದೊಡ್ಡವರು, ಬ್ರಾಹ್ಮಣರು ಎನ್ನುವುದೆಲ್ಲ ಮರೆತುಹೋಯಿತು.

"ಸ್ವಾಮಿ, ನಿಮ್ಮ ಕಂಪ್ಯೂಟರಿಗೆ ಆಯಸ್ಸು ಎಷ್ಟು ಅಂತ ನೋಡಿದೀರಾ? ಅದೂ ಒಂದಿನ ಸಾಯುತ್ತೆ. ಆವತ್ತು ಆ ಜಾತಕ ಎಲ್ಲ ಯಾವ ಪೆಟ್ಟಿಗೇಲಿ ತೆಗೀತೀರಿ? ನನ್ನ ಫೈಲೂ ಹೀಗೇ ಭದ್ರವಾಗಿತ್ತು. ಕುಂಕುಮ ಇಟ್ಟು ಪೂಜೆ ಮಾಡಿದ್ದೆ. ಇವತ್ತು ನಾನು ನಿಮ್ಮ ಜಗುಲಿ ಮೇಲೆ ಕೂತಿದೀನಿ. ನಾಳೆ ನೀವು ಯಾರ ಜಗುಲಿ ಮೇಲೆ ಕೂರ್ತೀರೋ, ಅದನ್ನೂ ಒಂದ್ಸಲ ಲೆಕ್ಕ ಹಾಕಿ!"

ಜಮೀನಿನವರು ಕಿವಿಯ ಮೊಬೈಲು ಇಳಿಸಿ ನನ್ನತ್ತ ತಿರುಗಿದರು. ಒಳಗಿನಿಂದ ಅವರ ಹೆಂಡತಿಯ ದನಿ ಬಂತು. "ಆ ಹುಡುಗಿ ಹೇಳೋದ್ರಲ್ಲಿ ಏನ್ ತಪ್ಪಿದೆ? ಮೊನ್ನೆ ಅದು ಗರ್ ಅಂತ ಸದ್ದು ಮಾಡ್ದಾಗ ನೀವೇ ಊಟ ಬಿಟ್ಟು ಕೂತಿದ್ರಿ."

ಜೋಯಿಸರು ಕಂಬಕ್ಕೆ ಒರಗಿ ನಿಂತರು. ನಾನು ದನಿ ತಗ್ಗಿಸಿದೆ. ನಿಮ್ಮ ಜಾತಕಗಳನ್ನೆಲ್ಲ ನಾನೇ ಬಂದು ಒಂದೊಂದಾಗಿ ಪ್ರಿಂಟ್ ತೆಗೆದು, ಹೆಸರಿನ ಪ್ರಕಾರ ಜೋಡಿಸಿ ಕೊಡುತ್ತೇನೆ, ಕಂಪ್ಯೂಟರ್ ಸತ್ತರೂ ಜಾತಕ ಉಳಿಯುತ್ತವೆ ಎಂದೆ. ಅವರು ಪಂಚಾಂಗದತ್ತ ಕಣ್ಣು ಹಾಯಿಸಿ, "ರಾಹುಕಾಲ ಕಳೀಲಿ. ಸಂಜೆ ತನಕ ಕೂತಿರು" ಎಂದರು. ಅಷ್ಟು ಕೂತವಳಿಗೆ ಇದ್ಯಾವ ಲೆಕ್ಕ!

ಆರು ಗಂಟೆ ಕಳೆದ ಮೇಲೆ ಅವರೇ ರೇಷ್ಮೆ ವಸ್ತ್ರ ತೆಗೆದರು, ಅವರೇ ಅರಿಸಿನದ ಪ್ಲಾಸ್ಟರ್ ಕಿತ್ತರು. ಹಸಿರು ಗುಡ್ಡ ಬಂತು. ಸಿ.ಡಿ. ಹಾಕಿ ಸಾಫ್ಟ್‌ವೇರ್ ಇಳಿಸಿದೆ. ಸೆರಗಿನ ಗಂಟು ಬಿಚ್ಚಿ ಬೀಗವನ್ನು ಹಿಂದಿನ ತೂತಿಗೆ ಒತ್ತಿದೆ. ಪೆನ್‌ಡ್ರೈವ್ ಹಾಕಿ ಫೈಲಿನ ಮೇಲೆ ಒತ್ತಿದೆ. ಮರಳು ಗಡಿಯಾರ ತಿರುಗಿತು, ತಿರುಗಿತು. ಜೋಯಿಸರ ಹೆಂಡತಿ ಬಾಗಿಲಲ್ಲಿ ನಿಂತು ಬಾಯಲ್ಲೇ ಏನೋ ಮಂತ್ರ ಹೇಳುತ್ತಿದ್ದರು.

ಪರದೆಯ ತಳದಿಂದ ಚೌಕಗಳು ಒಂದೊಂದೇ ಸಾಲು ತುಂಬುತ್ತ ಬಂದವು. ಮೊದಲು ಪಾದ, ಆಮೇಲೆ ಹೊಟ್ಟೆ, ಆಮೇಲೆ ಬಗ್ಗಿಸಿದ ಕತ್ತು. ಎರಡು ಹಂಸ, ನಡುವೆ ಮೊಗ್ಗು. ನಾನು ಗಟ್ಟಿಯಾಗಿ ಅತ್ತೆ. ನಾಚಿಕೆಯಾಗಲಿಲ್ಲ. ಜೋಯಿಸರು ಕನ್ನಡಕ ಸರಿ ಮಾಡಿಕೊಂಡು, "ಇಷ್ಟಕ್ಕೇನಮ್ಮ ಇಷ್ಟು ದಿನ ಕೂತಿದ್ದು" ಎಂದರು. ಅವರ ಹೆಂಡತಿ, "ನೀವು ಸುಮ್ನಿರಿ" ಎಂದರು.

ಹಳೆಯ ಸಾಫ್ಟ್‌ವೇರಿಗೆ ಡಿಸೈನನ್ನು ಬರೀ ಚಿತ್ರವಾಗಿ ಉಳಿಸಲು ಬರುತ್ತಿತ್ತು. ಚಿತ್ರವನ್ನು ಯಾವ ಸಿಸ್ಟಮ್ಮಾದರೂ ತೆರೆಯುತ್ತದೆ. ಹಾಗೆ ಉಳಿಸಿಕೊಂಡೆ. ಈ ಸಲ ಪೆನ್‌ಡ್ರೈವಿಗೊಂದು, ಅಲ್ಲೇ ಜೋಯಿಸರ ಪ್ರಿಂಟರಿನಲ್ಲಿ ಕಾಗದದ ಮೇಲೊಂದು. ಮಾರನೆಯ ಬೆಳಿಗ್ಗೆ ಅಂಗಡಿಯ ಹೊಸ ಕಂಪ್ಯೂಟರಿಗೆ ಹಾಕಿದೆ. ಪರದೆ ಕಪ್ಪಾಗಿ, ಅನುಮತಿ ಇದೆಯೇ ಎಂದು ಕೇಳಿತು. "ಇದೆ ತಾಯಿ, ಇದೆ" ಎಂದು ಒತ್ತಿದೆ. ತೆರೆಯಿತು. ಸತ್ಯ ಹೇಳಬೇಕು, ಹಳೆಯದರಲ್ಲಿ ಇಡೀ ದಿನ ಹಿಡಿಯುತ್ತಿದ್ದ ಪಂಚಿಂಗನ್ನು ಆ ಹೊಸದು ಮಧ್ಯಾಹ್ನದೊಳಗೆ ಮುಗಿಸಿಕೊಟ್ಟಿತು. ಹೊಗಳಲು ಮನಸ್ಸಿರಲಿಲ್ಲ. ಆದರೂ ಅದರ ನೆತ್ತಿ ಒಂದು ಸಲ ತಟ್ಟಿದೆ. ಯಜಮಾನರು ಕಾರ್ಡಿನ ಕಟ್ಟನ್ನು ತಾವೇ ಸ್ಕೂಟರಿನಲ್ಲಿಟ್ಟುಕೊಂಡು ನಮ್ಮ ಮನೆಗೆ ತಂದುಕೊಟ್ಟರು. ಜೋಯಿಸರಿಗೆ ಕೊಟ್ಟ ಮಾತಿನಂತೆ ಅದಾದ ಮೇಲೂ ಬಹಳ ಭಾನುವಾರ ದೇವನಹಳ್ಳಿಗೆ ಹೋದೆ.

ಅಪ್ಪ ಸ್ನಾನ ಮಾಡಿ ಬಂದು ಕಾರ್ಡು ಏರಿಸಿದ. ಬಿಳಿ ಬಟ್ಟೆ ತೆಗೆದು ಮಗ್ಗ ಹಾಕಿದ. ಗೇಣುದ್ದ ನೇಯ್ದು ನಿಲ್ಲಿಸಿ, ಅಂಚನ್ನು ಹೆಬ್ಬೆರಳಲ್ಲಿ ಸವರಿದ. "ಇದೇ" ಎಂದ. ಮತ್ತೆ ಮಗ್ಗ ಹಾಕಿದ. ಆ ಸೀರೆ ಇಳಿಯುವವರೆಗೆ ಊಟಕ್ಕೆ ಬಿಟ್ಟು ಮತ್ತೇನಕ್ಕೂ ಅವನು ಮಗ್ಗದಿಂದ ಏಳಲಿಲ್ಲ.

ಧಾರೆಯ ಬೆಳಿಗ್ಗೆ ಛತ್ರದ ಕೋಣೆಯಲ್ಲಿ ನಾನೂ ಸೋದರತ್ತೆಯೂ ತಂಗಿಗೆ ಸೀರೆ ಉಡಿಸುತ್ತಿದ್ದೆವು. ಹೊರಗೆ ವಾಲಗ ಶುರುವಾಗಿತ್ತು. ನಾನು ನೆರಿಗೆ ಹಿಡಿದು ಕೂತಿದ್ದೆ. ಕಾಲ ಹತ್ತಿರ ಹಂಸಗಳು ಸಾಲಾಗಿ ಕೂತವು. ತಂಗಿ ಬಗ್ಗಿ ಅವುಗಳನ್ನೇ ನೋಡುತ್ತಿದ್ದಳು. ಅತ್ತೆ ತಲೆ ಎತ್ತು ಎಂದರೂ ಎತ್ತಲಿಲ್ಲ. ಆಮೇಲೆ ಬಲು ಸಮಾಧಾನದಿಂದ, ಅಂಗಡಿಯಲ್ಲಿ ಕಾಫಿ ಕೊಡುವಾಗ ಮಾತಾಡುವ ಹಾಗೆ, "ಅಕ್ಕ, ನಾಳೆ ನಂಗೇನಾದ್ರೂ ಆದ್ರೆ ಇದನ್ನ ನಂಗೆ ಉಡಿಸಿ ಕಳಿಸ್ಬೇಡಿ. ಬೇರೆ ಯಾವ್ದಾದ್ರೂ ಉಡಿಸಿ. ಇದು ಮನೇಲೇ ಇರಲಿ" ಎಂದಳು.

ಅತ್ತೆ ಅವಳ ಬಾಯಿ ಮೇಲೆ ಫಟ್ಟನೆ ಕೈಯಿಟ್ಟರು. "ಥೂ, ಹಸೆಮಣೆ ಏರೋ ಹೊತ್ತಲ್ಲಿ ಎಂಥ ಮಾತೇ! ಬಿಡ್ತು ಅನ್ನು. ಬಿಡ್ತು ಅನ್ನೇ!"

ತಂಗಿ ಅತ್ತೆಯ ಕೈಯನ್ನು ಮೆಲ್ಲಗೆ ಸರಿಸಿ ನನ್ನ ಕಡೆ ನೋಡಿದಳು. ಬಿಡ್ತು ಅನ್ನಲಿಲ್ಲ.

ನಾನೂ ಅನ್ನು ಎನ್ನಲಿಲ್ಲ. "ಆಯ್ತು" ಎಂದೆ. ನೆರಿಗೆ ಸಿಕ್ಕಿಸಿ, ಅವಳನ್ನು ಎಬ್ಬಿಸಿಕೊಂಡು ಹೊರಗೆ ನಡೆದೆ.